ಸಿಒ2 420ರಿಂದ 560 ಪಿಪಿಎಂಗೆ ಏರಿದರೆ ದ್ಯುತಿಸಂಶ್ಲೇಷಣೆ ಶೇ 27 ಹೆಚ್ಚುತ್ತದೆಯೇ?

ಪುಣೆ ಬಳಿಯ ಮಾವಳದ ಭತ್ತಕ್ಕೆ ಬರೆದ ಪೈಥಾನ್ ಮಾಡೆಲ್‌ನಲ್ಲಿ ಶೇ 27 ಏರಿಕೆ ಬರುತ್ತಿದೆ, ಸೊಲ್ಲಾಪುರದ ಜೋಳಕ್ಕೂ ಅದೇ ಕೋಡ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಭತ್ತದ ಲೆಕ್ಕವೂ ಅರ್ಧವೇ ಆಗಿದೆ.

ನೀವು ಹಾಕಿರುವುದು ರುಬಿಸ್ಕೋ ಮಿತಿ ಮಾತ್ರ, ಅಂದರೆ ಎಲೆಯಲ್ಲಿ ಸಿಒ2 ಹಿಡಿಯುವ ಕಿಣ್ವದ ಮಿತಿ. ಫಾರ್ಕರ್, ಫಾನ್ ಕೆಮರರ್, ಬೆರಿ 1980ರಲ್ಲಿ ಕೊಟ್ಟ ಮಾಡೆಲ್‌ನಲ್ಲಿ ಬೆಳಕಿನ ಕಡೆಯ ಮಿತಿಯೂ ಇದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಉತ್ತರ. 25 ಡಿಗ್ರಿಯಲ್ಲಿ ಮಾಡಿ ನೋಡಿ: ವಿಸಿಮ್ಯಾಕ್ಸ್ (ರುಬಿಸ್ಕೋದ ಗರಿಷ್ಠ ವೇಗ) 60, ಜೆ (ಬೆಳಕಿನಿಂದ ನಡೆಯುವ ಎಲೆಕ್ಟ್ರಾನ್ ಹರಿವು) 100, ಗಾಮಾ ಸ್ಟಾರ್ (ಉಸಿರಾಟ ಬಿಟ್ಟು, ಗಳಿಕೆ ಸೊನ್ನೆಯಾಗುವ ಸಿಒ2 ಮಟ್ಟ) 42.75, ಕೆಎಂ (ರುಬಿಸ್ಕೋ ಅರ್ಧ ವೇಗ ಮುಟ್ಟುವ ಸಿಒ2 ಮಟ್ಟ) 710. ಎಲೆಯೊಳಗಿನ ಸಿಒ2, ಅಂದರೆ ಸಿಐ, ಹೊರಗಿನದರ 0.7 ಪಾಲು ಎಂದಿಟ್ಟುಕೊಳ್ಳಿ.

ರುಬಿಸ್ಕೋ: 60 × (ಸಿಐ − 42.75) ÷ (ಸಿಐ + 710). ಸಿಐ 294ಕ್ಕೆ 15.0, 392ಕ್ಕೆ 19.0.
ಬೆಳಕು: 25 × (ಸಿಐ − 42.75) ÷ (ಸಿಐ + 85.5); 25 ಎಂದರೆ ಜೆ ÷ 4, 85.5 ಎಂದರೆ ಗಾಮಾ ಸ್ಟಾರ್‌ನ ಎರಡರಷ್ಟು. ಕ್ರಮವಾಗಿ 16.6, 18.3.

ಅಂದರೆ ಇವತ್ತು ತಡೆ ರುಬಿಸ್ಕೋದ್ದು, 560ಕ್ಕೆ ಹೋಗುವಷ್ಟರಲ್ಲಿ ಬೆಳಕಿನದು. ಏರಿಕೆ 15.0ರಿಂದ 18.3ಕ್ಕೆ, ಸುಮಾರು ಶೇ 22. ಮೋಡ ಕವಿದ ಜುಲೈಯಲ್ಲಿ ಜೆ ಇನ್ನೂ ಇಳಿಯುವುದರಿಂದ ಲಾಭವೂ ಇಳಿಯುತ್ತದೆ. ಎಲೆಯ ಉಸಿರಾಟವನ್ನು ಕೊನೆಯಲ್ಲಿ ಕಳೆಯಿರಿ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಪತ್ರರಂಧ್ರ (ಎಲೆಯ ಉಸಿರುರಂಧ್ರ) ಎಷ್ಟು ತೆರೆಯುತ್ತದೆ ಎಂದು ಲೆಕ್ಕಹಾಕುವ ಮೆಡ್ಲಿನ್ ಸೂತ್ರ ಸೇರಿಸಿದರೆ ಅದರಲ್ಲಿ ಗಾಳಿಯ ಆವಿ ಕೊರತೆಯ (ಗಾಳಿ ಎಷ್ಟು ಒಣಗಿದೆ ಎಂಬ ಅಳತೆ) ವರ್ಗಮೂಲ ಛೇದದಲ್ಲಿ ಕೂತಿದೆ. ಸಹ್ಯಾದ್ರಿ ಬದಿಯ ಮಳೆಯಲ್ಲಿ ಆ ಕೊರತೆ ಸೊನ್ನೆಯ ಹತ್ತಿರ ಬಂದು ಉತ್ತರ ಎಲ್ಲೆಲ್ಲಿಗೋ ಹಾರುತ್ತದೆ. 0.05 ಕಿಲೋಪಾಸ್ಕಲ್‌ಗಿಂತ ಕೆಳಗೆ ಇಳಿಯದಂತೆ ಕಟ್ಟಿಹಾಕಿ. ಒತ್ತಡವನ್ನೂ ಮರೆಯಬೇಡಿ: ಮುಂಬೈಯಲ್ಲಿ 420 ಪಿಪಿಎಂ ಅಂದರೆ 42.5 ಪಾಸ್ಕಲ್, ಪುಣೆಯ ಎತ್ತರದಲ್ಲಿ 40ರ ಆಸುಪಾಸು. ಪಿಪಿಎಂ, ಪಾಸ್ಕಲ್ ಎರಡನ್ನೂ ಒಂದೇ ಸೂತ್ರದಲ್ಲಿ ಬೆರೆಸಿದರೆ ಕೋಡ್ ಎರರ್ ಕೊಡುವುದಿಲ್ಲ, ತಪ್ಪು ಉತ್ತರ ಕೊಡುತ್ತದೆ, ಅಷ್ಟೇ.

ಹೆಚ್ಚು ಸಿಒ2ನಲ್ಲೇ ಬೆಳೆದ ಎಲೆಯಲ್ಲಿ, ಅದರಲ್ಲೂ ಸಾರಜನಕ ಕಮ್ಮಿಯಿದ್ದರೆ, ವಿಸಿಮ್ಯಾಕ್ಸೇ ತಗ್ಗುತ್ತದೆ. ಹಾಗಾಗಿ ಇವತ್ತಿನ ಎಲೆಯಲ್ಲಿ ಅಳೆದ 60ನ್ನೇ 2050ರವರೆಗೆ ಎಳೆಯಬೇಡಿ; ಅದನ್ನು ಇಳಿಸಿಯೂ ಒಮ್ಮೆ ಓಡಿಸಿ.

ಜೋಳ ಸಿ4 ಬೆಳೆ. ಪಿಇಪಿ ಕಾರ್ಬಾಕ್ಸಿಲೇಸ್ ಎಂಬ ಇನ್ನೊಂದು ಕಿಣ್ವ ಮೊದಲೇ ಸಿಒ2ವನ್ನು ರುಬಿಸ್ಕೋ ಸುತ್ತ ಒಟ್ಟುಮಾಡಿಕೊಡುತ್ತದೆ, ಆದ್ದರಿಂದ ನೀರಿರುವ ಹೊಲದಲ್ಲಿ 560 ಅದಕ್ಕೆ ದೊಡ್ಡ ವಿಷಯವೇ ಅಲ್ಲ. ಲಾಭ ಸಿಗುವುದು ಹಿಂಗಾರಿನ ಒಣ ನೆಲದಲ್ಲಿ: ರಂಧ್ರ ಕಿರಿದಾಗಿ ನೀರು ಉಳಿಯುತ್ತದೆ. ಸಿ4 ಮಾಡ್ಯೂಲನ್ನು ಬೇರೆ ಬರೆದು ಮಣ್ಣಿನ ತೇವದ ಲೆಕ್ಕಕ್ಕೆ ಜೋಡಿಸಿ, ಇಲ್ಲದಿದ್ದರೆ ಆ ಲಾಭ ಮಾಡೆಲ್‌ನಲ್ಲಿ ಕಾಣುವುದೇ ಇಲ್ಲ.