ಒತ್ತಿ ಹಿಡಿದರೆ ಮಾತ್ರ ಚಾರ್ಜ್: ಬೋರ್ಡ್ ಹೋಗಿದೆಯೇ?

ಪ್ರಶ್ನೆ: ಫೋನಿಗೆ ಎರಡೂವರೆ ವರ್ಷ. ಚಾರ್ಜರ್ ಪಿನ್ ಮೇಲಕ್ಕೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ, ಕೈಬಿಟ್ಟರೆ ನಿಲ್ಲುತ್ತದೆ. ರಿಪೇರಿ ಅಂಗಡಿಯಲ್ಲಿ ಚಾರ್ಜಿಂಗ್ ಬೋರ್ಡೇ ಹೋಗಿದೆ ಎಂದರು. ಬದಲಿಸಲೇಬೇಕೇ?

ಉತ್ತರ: ದುಡ್ಡು ಕೊಡುವ ಮೊದಲು ಪಿನ್ ಪೂರ್ತಿ ಒಳಗೆ ಹೋಗುತ್ತಿದೆಯೇ ನೋಡಿ. ಟೈಪ್-ಸಿ ಪಿನ್ ಸರಿಯಾಗಿ ಕೂತರೆ ಟಕ್ ಎಂದು ಹಿಡಿದುಕೊಳ್ಳುತ್ತದೆ. ಆ ಟಕ್ ಇಲ್ಲದೆ, ಪಿನ್ನಿನ ಲೋಹ ಒಂದು ಮಿಲಿಮೀಟರಿನಷ್ಟು ಹೊರಗೇ ಉಳಿದಿದ್ದರೆ ಒಳಗೆ ಜೇಬಿನ ನೂಲಿನ ಧೂಳು ತುಂಬಿದೆ ಎಂದೇ ಲೆಕ್ಕ. ದಿನಾ ಪಿನ್ ಚುಚ್ಚಿ ಚುಚ್ಚಿ ಅದನ್ನು ತಳಕ್ಕೆ ಒತ್ತಿದವರು ನಾವೇ. ಹೊರಗಿನಿಂದ ನೋಡಿದರೆ ಅದು ಪೋರ್ಟಿನ ತಳದ ಹಾಗೇ ಕಾಣುತ್ತದೆ, ಧೂಳಿನ ಹಾಗಲ್ಲ.

ಫೋನ್ ಆಫ್ ಮಾಡಿ, ಒಳಗೆ ಟಾರ್ಚ್ ಬಿಡಿ. ನಡುವೆ ನಾಲಿಗೆಯಂಥ ತೆಳು ಪಟ್ಟಿ ಕಾಣುತ್ತದೆ. ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳೆಲ್ಲ ಅದರ ಎರಡೂ ಮೈಮೇಲಿವೆ. ಅದನ್ನು ಮೀಟಬಾರದು. ಮರದ ಟೂತ್‌ಪಿಕ್ ತುದಿಯನ್ನು ಬ್ಲೇಡಿನಿಂದ ಚಪ್ಪಟೆ ಮಾಡಿ, ಪೋರ್ಟಿನ ಗೋಡೆಗುಂಟ ಇಳಿಸಿ, ತಳದಿಂದ ಹೊರಕ್ಕೆ ಮೆಲ್ಲಗೆ ಕೆರೆಯಿರಿ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ: ನಾಲಿಗೆ ಬಾಗಿತೆಂದರೆ ಅಂಗಡಿಯವರ ಮಾತೇ ನಿಜವಾಗುತ್ತದೆ. ಬಾಯಿಂದ ಊದಿದರೆ ಎಂಜಲಿನ ತೇವ ಒಳಹೋಗುತ್ತದೆ.

ಆಮೇಲೂ ಸಡಿಲವಿದ್ದರೆ ಬೇರೆ ಎರಡು ಕೇಬಲ್ ಹಾಕಿ ನೋಡಿ. ಅವೂ ಅಲ್ಲಾಡಿದರೆ ಪೋರ್ಟ್ ಸವೆದಿದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಪೋರ್ಟೂ ಮೈಕೂ ಕೆಳಗಿನ ಒಂದೇ ಸಣ್ಣ ಬೋರ್ಡಿನಲ್ಲಿರುತ್ತವೆ. ನಿಮ್ಮ ದನಿ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಆ ಕಡೆಯವರು ಹೇಳುತ್ತಿದ್ದರೆ ಬೋರ್ಡ್ ಬದಲಿಸುವುದೇ ಸರಿ.

ಪ್ರಶ್ನೆ: ಮಳೆಯಲ್ಲಿ ನೆನೆದ ಮೇಲೆ ಫೋನಿನ ಪರದೆಯಲ್ಲಿ ನೀರಿನ ಹನಿಯ ಗುರುತು ಬಂದು ಚಾರ್ಜ್ ನಿಂತಿದೆ. ಅಕ್ಕಿ ಡಬ್ಬಿಯಲ್ಲಿ ಇಡಲೇ?

ಉತ್ತರ: ಅಕ್ಕಿ ಅನ್ನಕ್ಕಿರಲಿ. ಅದರ ಪುಡಿ ಒಳಸೇರಿ ಫೋನ್ ಕೆಡಬಹುದೆಂದು ಆಪಲ್ ಕಂಪನಿಯೇ ಎಚ್ಚರಿಸಿದೆ. ಪೋರ್ಟ್ ಕೆಳಮುಖ ಮಾಡಿ ಅಂಗೈಗೆ ನಾಲ್ಕು ಸಲ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ಹೇರ್ ಡ್ರೈಯರ್ ಬಿಸಿಗೆ ಒಳಗಿನ ಅಂಟು ಬಿಡುತ್ತದೆ. ಆ ಗುರುತು ಹೋಗುವ ತನಕ ಪಿನ್ ಹಾಕಬೇಡಿ. ತೇವದ ನಡುವೆ ಕರೆಂಟ್ ಹರಿದರೆ ಕಾಂಟ್ಯಾಕ್ಟ್‌ಗಳು ಹಸಿರುಗಟ್ಟಿ ಸವೆಯುತ್ತವೆ. ವೈರ್‌ಲೆಸ್ ಚಾರ್ಜಿಂಗ್ ಇದ್ದರೆ ಫೋನಿನ ಬೆನ್ನು ಒರೆಸಿ ಅದರ ಮೇಲಿಡಿ. ಎರಡು ದಿನವಾದರೂ ಗುರುತು ಹೋಗದಿದ್ದರೆ ಟಾರ್ಚ್ ಬಿಟ್ಟು ನೋಡಿ: ಹಸಿರು ಕಂಡರೆ ಅಂಗಡಿಯಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಷ್ಷಿನಿಂದ ತೊಳೆಯಲು ಹೇಳಿ.