ಕೆರಿಬಿಯನ್‌ನಲ್ಲಿ ದೋಣಿಯಲ್ಲೇ ವಾಸ: ಬೇಜಾರಾಗಲ್ವಾ, ಜನ ಸಿಗ್ತಾರಾ?

"ಹಾಯಿದೋಣಿಯಲ್ಲಿ ಗಂಡ ಹೆಂಡತಿ ಇಬ್ಬರೇ, ಸುತ್ತ ಬರೀ ನೀರು. ಬೇಜಾರಾಗಲ್ವಾ? ಮಾತಾಡೋಕೆ ಯಾರಾದ್ರೂ ಸಿಗ್ತಾರಾ? ದಿನವಿಡೀ ಏನ್ಮಾಡ್ತೀರಿ?" ಎಂದು ಕೇಳಿದ್ದೀರಿ. ಕೆಲವು ವರ್ಷಗಳಿಂದ ನಾವು ಹೀಗೇ ಬದುಕುತ್ತಿದ್ದೇವೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಜನ ಸಿಗುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಸಿಕ್ಕಿದ್ದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತಾರೆ. ಪಕ್ಕದ ದೋಣಿಯಲ್ಲಿ ಯಾರಿಗೆ ಬೆನ್ನು ನೋವು, ಯಾರ ಇಂಜಿನ್ ಬಿಚ್ಚಿ ಹರಡಿಕೊಂಡಿದೆ, ಯಾರ ಮಗಳು ಮುಂದಿನ ವಾರ ಬರುತ್ತಿದ್ದಾಳೆ, ಎಲ್ಲ ನಮಗೆ ಗೊತ್ತಿರುತ್ತದೆ. ನಮ್ಮದೂ ಅವರಿಗೆ ಗೊತ್ತಿರುತ್ತದೆ. ದೋಣಿ ಅಂದಮೇಲೆ ದಿನಾ ಏನಾದರೊಂದು ಕೆಡುತ್ತದೆ, ಒಬ್ಬರ ಕೈಯಲ್ಲಿ ಎಲ್ಲ ಆಗುವುದಿಲ್ಲ. ಹಾಗಾಗಿ ಇಲ್ಲಿ ಮೊದಲು ಸಹಾಯ, ಆಮೇಲೆ ಪರಿಚಯ, ಆಮೇಲೆ ಹೆಸರು.

ನಾವು ಜಾಸ್ತಿ ಇರುವುದು ಗ್ರೆನೇಡಾ ದ್ವೀಪದ ದಕ್ಷಿಣ ತೀರದಲ್ಲಿ. ಪ್ರಿಕ್ಲಿ ಬೇ, ಮೌಂಟ್ ಹಾರ್ಟ್‌ಮನ್, ಹಾಗ್ ಐಲ್ಯಾಂಡ್, ಕ್ಲಾರ್ಕ್ಸ್ ಕೋರ್ಟ್ ಬೇ ಎಂದು ಬೆರಳುಗಳ ನಡುವಿನ ಸಂದಿಯಂತೆ ಸಾಲಾಗಿ ಕೊಲ್ಲಿಗಳಿವೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ. ಗ್ರೆನೇಡಾ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉತ್ತರದ ದ್ವೀಪಗಳಿಗೆ ಹೋಲಿಸಿದರೆ ಇಲ್ಲಿಗೆ ಚಂಡಮಾರುತ ಬರುವುದು ಕಡಿಮೆ. ದೋಣಿಯ ವಿಮೆ ಮಾಡುವವರೂ ಆ ತಿಂಗಳುಗಳಲ್ಲಿ ದಕ್ಷಿಣಕ್ಕೆ ಇಳಿದಿರಬೇಕು ಎಂದು ಷರತ್ತು ಹಾಕುವುದುಂಟು. ಹೀಗಾಗಿ ಚಳಿಗಾಲದಲ್ಲಿ ಆಂಟಿಗುವಾ, ಡೊಮಿನಿಕಾ, ಮಾರ್ಟಿನಿಕ್, ಬೆಕ್ವೆ ಎಂದು ಚದುರಿದ್ದ ದೋಣಿಗಳೆಲ್ಲ ಮಳೆಗಾಲಕ್ಕೆ ಇಲ್ಲಿ ಬಂದು ಸೇರುತ್ತವೆ. ನೀರಿನ ಮೇಲೇ ಒಂದು ಊರು ಎದ್ದ ಹಾಗೆ ಆಗುತ್ತದೆ.

ಈ ಊರಿಗೆ ಬೆಳಗಾಗುವುದು ಏಳೂವರೆಗೆ, ರೇಡಿಯೋದಲ್ಲಿ. ಪ್ರತಿ ದೋಣಿಯಲ್ಲೂ ವಿಎಚ್‌ಎಫ್ ರೇಡಿಯೋ, ಅಂದರೆ ದೋಣಿಯಿಂದ ದೋಣಿಗೆ ಮಾತಾಡುವ ರೇಡಿಯೋ, ಇರುತ್ತದೆ. ಭಾನುವಾರ ಬಿಟ್ಟು ಉಳಿದ ದಿನ ಚಾನೆಲ್ 66ರಲ್ಲಿ ಎಲ್ಲರೂ ಸೇರುತ್ತಾರೆ. ಒಬ್ಬರು ನಡೆಸಿಕೊಡುತ್ತಾರೆ, ಅವರೂ ನಮ್ಮ ಹಾಗೇ ದೋಣಿಯವರು. ಮೊದಲು ಯಾರಿಗಾದರೂ ತುರ್ತು ತೊಂದರೆ ಇದೆಯಾ ಎಂದು ಕೇಳುತ್ತಾರೆ. ಆಮೇಲೆ ಹವಾಮಾನ. ಆಮೇಲೆ ಹೊಸದಾಗಿ ಬಂದವರು ದೋಣಿಯ ಹೆಸರು ಹೇಳಿ ನಮಸ್ಕಾರ ಹೇಳುತ್ತಾರೆ, ಹೊರಡುವವರು ಹೋಗಿಬರುತ್ತೇವೆ ಅನ್ನುತ್ತಾರೆ. ನಂತರ ಇವತ್ತು ಎಲ್ಲಿ ಯೋಗ, ಎಲ್ಲಿ ಡಾಮಿನೋ ಆಟ, ಯಾವ ಬಸ್ಸು ಅಂಗಡಿಗೆ ಹೋಗುತ್ತದೆ, ಎಲ್ಲ ಬರುತ್ತದೆ. ಕೊನೆಗೆ ಬೇಡವಾದ ಸಾಮಾನು. "ಹಳೆಯ ಪಂಪ್ ಇದೆ, ಚೆನ್ನಾಗಿದೆ, ಇಷ್ಟು ತೆಂಗಿನಕಾಯಿ" ಎಂದು ಬೆಲೆ ಹೇಳುತ್ತಾರೆ. ವಿದೇಶಿ ದೋಣಿಯವರು ಸುಂಕ ಕಟ್ಟದೆ ಇಲ್ಲಿ ಸಾಮಾನು ಮಾರುವ ಹಾಗಿಲ್ಲ, ಅದಕ್ಕೇ ದುಡ್ಡಿನ ಹೆಸರೆತ್ತದೆ ಲೆಕ್ಕವೆಲ್ಲ ತೆಂಗಿನಕಾಯಲ್ಲಿ.

ನನಗೆ ಈ ಅರ್ಧ ಗಂಟೆ ತುಂಬ ಇಷ್ಟ. ಕಾಫಿ ಲೋಟ ಹಿಡಿದು ಕೂತು ಕೇಳುತ್ತೇನೆ. ಒಮ್ಮೆ ನಮ್ಮ ಫ್ರಿಜ್ ಕೈಕೊಟ್ಟಾಗ ಇಲ್ಲೇ ಕೇಳಿದೆವು. ಕಾಫಿ ಮುಗಿಯುವ ಮುಂಚೆ ಡಿಂಗಿಯಲ್ಲಿ, ಅಂದರೆ ಚಿಕ್ಕ ರಬ್ಬರ್ ದೋಣಿಯಲ್ಲಿ, ಒಬ್ಬರು ಬಂದರು, ಕೈಯಲ್ಲಿ ಫ್ರಿಜ್‌ನ ಗ್ಯಾಸ್ ಅಳೆಯುವ ಗೇಜ್. ಕೆನಡಾದವರು, ಅದಕ್ಕೂ ಮೊದಲು ಅವರ ಮುಖ ನೋಡಿರಲಿಲ್ಲ. ಮಧ್ಯಾಹ್ನದವರೆಗೂ ನೆಲದ ಹಲಗೆ ಎತ್ತಿ ಒಳಗೆ ತಲೆ ಹಾಕಿಕೊಂಡು ಕೂತಿದ್ದರು. ದುಡ್ಡಿನ ಮಾತೇ ಎತ್ತಲಿಲ್ಲ. ಊಟ ಮಾಡಿ ಹೋದರು. ಅವರ ಹೆಂಡತಿ ಈಗ ನನ್ನ ಆಪ್ತ ಗೆಳತಿ.

ಡಿಂಗಿಯ ಬಗ್ಗೆ ಒಂದು ಮಾತು. ದಡಕ್ಕೆ ಹೋಗಲು, ಇನ್ನೊಬ್ಬರ ಮನೆಗೆ ಹೋಗಲು ಅದೇ ನಮ್ಮ ಸ್ಕೂಟರ್. ರಾತ್ರಿ ಅದನ್ನು ಮೇಲೆತ್ತಿ ಕಟ್ಟಿಡಬೇಕು, ಇಲ್ಲದಿದ್ದರೆ ಕದ್ದುಹೋಗಬಹುದು. ಇನ್ನೊಬ್ಬರ ದೋಣಿಗೆ ಹೋದಾಗ ಪಕ್ಕದಲ್ಲಿ ನಿಲ್ಲಿಸಿ, ದೋಣಿಯ ಮೈ ತಟ್ಟಿ, ಹೆಸರು ಕೂಗಿ ಕಾಯಬೇಕು. ಅವರು ಕರೆಯುವವರೆಗೆ ಹತ್ತುವ ಹಾಗಿಲ್ಲ. ಹತ್ತಿದ ಮೇಲೆ ಚಪ್ಪಲಿ ಬಿಡಬೇಕು, ಅದೇನೂ ನಮಗೆ ಹೊಸದಲ್ಲ ಅಲ್ವಾ. ಇನ್ನೊಂದು ವಿಷಯ. ಇಲ್ಲಿ ಜನರನ್ನು ಗುರುತಿಸುವುದು ದೋಣಿಯ ಹೆಸರಿನಿಂದ. ಎಷ್ಟೋ ಜನರ ಮನೆತನದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಮುಂಚೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರೂ ಬೇಗ ಕೇಳುವುದಿಲ್ಲ. ಹೃದಯದ ಡಾಕ್ಟರೂ ಲಾರಿ ಓಡಿಸುತ್ತಿದ್ದವರೂ ಒಂದೇ ಮೇಜಿನಲ್ಲಿ ಕೂತು ಟಾಯ್ಲೆಟ್ ಪಂಪ್ ಬಗ್ಗೆ ಮಾತಾಡುತ್ತಾರೆ. ನನಗೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ.

ಹಗಲು ಕೆಲಸದಲ್ಲೇ ಹೋಗುತ್ತದೆ. ನೀರು, ಕರೆಂಟು, ತುಕ್ಕು, ಪಾಚಿ. ಸೋಲಾರ್ ಪ್ಯಾನೆಲ್‌ನಿಂದ ಬ್ಯಾಟರಿ ತುಂಬುವುದನ್ನು ನೋಡಿಕೊಂಡು ಕೆಲಸ ಹಂಚಿಕೊಳ್ಳಬೇಕು. ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲ ಬಿಸಿಲು ಏರಿದ ಮೇಲೆಯೇ. ಇಬ್ಬರಿಗೆ ದಿನಕ್ಕೆ 40 ಲೀಟರ್ ನೀರು ಸಾಕಾಗುತ್ತದೆ, ಪಾತ್ರೆಯನ್ನು ಮೊದಲು ಉಪ್ಪುನೀರಲ್ಲಿ ತೊಳೆದರೆ. ಬಟ್ಟೆ ಒಗೆಯುವುದು ಮಳೆ ಬಂದ ದಿನ. ನನ್ನ ಗಂಡ ಮನೆಯಿಂದ, ಅಂದರೆ ದೋಣಿಯಿಂದ, ಕೆಲಸ ಮಾಡುತ್ತಾರೆ. ಅವರ ಮೀಟಿಂಗ್ ನಡೆಯುವಾಗ ನಾನು ದಡಕ್ಕೆ ಹೋಗುತ್ತೇನೆ.

ದಡದ ಬಗ್ಗೆ ಹೇಳಲೇಬೇಕು. ದೋಣಿಯವರು ದೋಣಿಯವರ ಜೊತೆಗೇ ಇದ್ದುಬಿಡುವುದು ಸುಲಭ. ಎಷ್ಟೋ ಜನ ಹಾಗೇ ಇರುತ್ತಾರೆ, ನನಗದು ಸರಿ ಕಾಣುವುದಿಲ್ಲ. ನಾವು ಲಂಗರು ಹಾಕಿರುವುದು ಇನ್ನೊಬ್ಬರ ಊರಿನ ಮುಂದೆ. ಗ್ರೆನೇಡಾದಲ್ಲಿ ಅಂಗಡಿಗೆ ಹೋದರೂ, ಮಿನಿಬಸ್ ಹತ್ತಿದರೂ, ಮೊದಲು ಒಳಗಿರುವ ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳಬೇಕು. ಹೇಳದೆ ನೇರ "ಟೊಮೆಟೊ ಎಷ್ಟು?" ಅಂದರೆ ಒರಟುತನ. ಹೇಳಿದರೆ ಮಾತು ತಾನಾಗಿಯೇ ಬೆಳೆಯುತ್ತದೆ.

ರಾಜಧಾನಿ ಸೇಂಟ್ ಜಾರ್ಜಸ್‌ನ ಮಾರ್ಕೆಟ್‌ನಲ್ಲಿ ನನಗೊಬ್ಬ ಖಾಯಂ ತರಕಾರಿ ಅಮ್ಮ ಇದ್ದಾರೆ. ಅವರ ಮುಂದೆ ಜಾಯಿಕಾಯಿ, ಜಾಪತ್ರೆ, ಅರಿಸಿನ, ಮತ್ತು ಒಂದು ಕಟ್ಟು ಕೆಸುವಿನ ಎಲೆ. ಇಲ್ಲಿಯವರು ಅದನ್ನು ಕಲಲೂ ಅನ್ನುತ್ತಾರೆ, ಸೂಪ್ ಮಾಡುತ್ತಾರೆ. ನಾನು ಕರಾವಳಿಯವಳು. ಕೆಸುವಿನ ಎಲೆ ಕಂಡರೆ ಪತ್ರೊಡೆ ಬಿಟ್ಟು ಬೇರೆ ಏನು ನೆನಪಾಗುತ್ತದೆ? ಅಕ್ಕಿ ನೆನೆಸಿ, ಹುಣಸೆ, ಬೆಲ್ಲ, ಮೆಣಸು, ಕೊತ್ತಂಬರಿ, ಕಾಯಿ ಹಾಕಿ ಮಧ್ಯಾಹ್ನದ ಬಿಸಿಲಿಗೆ ಮಿಕ್ಸಿ ಓಡಿಸಿ ರುಬ್ಬುತ್ತೇನೆ. ಎಲೆಯ ದಪ್ಪ ನಾರು ಕೆತ್ತಿ, ಬೆನ್ನಿಗೆ ಹಿಟ್ಟು ಸವರಿ, ಸುತ್ತಿ, ಕುಕ್ಕರ್‌ನಲ್ಲಿ ವೆಯ್ಟ್ ಇಡದೆ ಹಬೆಯಲ್ಲಿ ಬೇಯಿಸುತ್ತೇನೆ. ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ, ಇಲ್ಲಿಯ ಎಲೆಗೂ ಅದೇ ಗುಣ. ಒಂದು ಡಬ್ಬಿ ತರಕಾರಿ ಅಮ್ಮನಿಗೆ ಒಯ್ದು ಕೊಟ್ಟೆ. ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ಹಂಚಿದರು. ಮುಂದಿನ ಸಲ ಹೋದಾಗ ತಮ್ಮ ಮನೆಗೆ ಊಟಕ್ಕೆ ಕರೆದರು.

ಅಲ್ಲಿ ಆಯಿಲ್ ಡೌನ್ ಮಾಡಿದ್ದರು, ಅದು ಇಲ್ಲಿಯ ರಾಷ್ಟ್ರೀಯ ಅಡುಗೆ. ದೊಡ್ಡ ಪಾತ್ರೆಯಲ್ಲಿ ಜೀಗುಜ್ಜೆ (ಬ್ರೆಡ್‌ಫ್ರೂಟ್, ಹಲಸಿನ ಜಾತಿಯ ಕಾಯಿ), ಕೆಸುವಿನ ಎಲೆ, ಹಿಟ್ಟಿನ ಉಂಡೆ, ಉಪ್ಪು ಹಾಕಿದ ಮಾಂಸ ಅಥವಾ ಮೀನು, ಅರಿಸಿನ, ಮೇಲಿಂದ ತೆಂಗಿನ ಹಾಲು. ಹಾಲೆಲ್ಲ ಇಂಗಿ ತಳದಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸುತ್ತಾರೆ. ಜೀಗುಜ್ಜೆ ಈ ದ್ವೀಪಗಳದ್ದಲ್ಲ. ತೋಟಗಳಲ್ಲಿ ದುಡಿಯುವ ಗುಲಾಮರಿಗೆ ಅಗ್ಗದ ಆಹಾರವಾಗಲಿ ಎಂದು ಬ್ರಿಟಿಷ್ ಕಪ್ತಾನ ವಿಲಿಯಂ ಬ್ಲೈ ಟಹೀಟಿಯಿಂದ ಸಸಿಗಳನ್ನು ತಂದು 1793ರಲ್ಲಿ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಇಳಿಸಿದ. ನಮ್ಮವರೂ ಬಂದದ್ದು ತೋಟಗಳಿಗೇ. 1857ರಲ್ಲಿ ಮೇಡ್‌ಸ್ಟೋನ್ ಎಂಬ ಹಡಗು ಭಾರತದ ಕೂಲಿಯಾಳುಗಳನ್ನು ಗ್ರೆನೇಡಾಕ್ಕೆ ತಂದಿತು. ಊಟಕ್ಕೆ ಕೂತಿದ್ದ ಒಬ್ಬ ಅಜ್ಜನ ಮುತ್ತಜ್ಜ ಅಂಥ ಒಬ್ಬರಂತೆ. ಯಾವ ಊರಿನವರು ಎಂದು ಅವರಿಗೆ ಗೊತ್ತಿಲ್ಲ. ನಾನು ಭಾರತದವಳು ಅಂದಾಗ ನನ್ನ ಕೈ ಹಿಡಿದು ಸುಮಾರು ಹೊತ್ತು ಬಿಡಲೇ ಇಲ್ಲ.

ಸಂಜೆಯ ಕೂಟಗಳಿಗೆ ಬರೋಣ. ವರ್ಷವಿಡೀ ಇಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಚೆ ಈಚೆ. ಐದಕ್ಕೆ ಯಾರದೋ ದೋಣಿಯಲ್ಲಿ ಸೇರುತ್ತೇವೆ. ಕುಡಿಯುವುದು ನಿಮ್ಮದೇ ತರಬೇಕು, ಜೊತೆಗೆ ಹಂಚಿಕೊಳ್ಳಲು ಒಂದು ತಿಂಡಿ. ಕರೆದವರಿಗೆ ಪಾತ್ರೆ ತೊಳೆಯುವ ನೀರು ಉಳಿಯಲಿ ಎಂದು ನಾನು ಲೋಟವನ್ನೂ ಒಯ್ಯುತ್ತೇನೆ. ನಾನು ಕುಡಿಯುವುದಿಲ್ಲ, ಪಾನಕ ಮಾಡಿಕೊಂಡು ಹೋಗುತ್ತೇನೆ, ಯಾರೂ ಒತ್ತಾಯ ಮಾಡಿಲ್ಲ. ಕತ್ತಲಾಗುವ ಹೊತ್ತಿಗೆ ಎಲ್ಲರೂ ಎದ್ದು ಹೊರಡುತ್ತಾರೆ, ಒಂಬತ್ತಕ್ಕೆ ಕೊಲ್ಲಿಯೇ ಮಲಗಿರುತ್ತದೆ. ಶನಿವಾರ ಮಧ್ಯಾಹ್ನ ಹ್ಯಾಶ್ ಎಂಬ ಓಟ-ನಡಿಗೆ ಇರುತ್ತದೆ. ಕಾಡು, ಹೊಳೆ, ಕೆಸರು ಎನ್ನದೆ ಕಾಗದದ ಚೂರುಗಳ ಜಾಡು ಹಿಡಿದು ಹೋಗುವುದು. ಊರಿನವರು, ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು, ದೋಣಿಯವರು ಮೂವರೂ ಬೆರೆಯುವ ಜಾಗ ಅದು. ಮಕ್ಕಳಿರುವ ದೋಣಿಗಳು ಒಂದನ್ನೊಂದು ಹುಡುಕಿಕೊಂಡು ಅಕ್ಕಪಕ್ಕ ಲಂಗರು ಹಾಕುತ್ತವೆ. ಆ ಮಕ್ಕಳ ಕಥೆಯೇ ಬೇರೆ, ಅದನ್ನು ಹೆತ್ತವರೇ ಹೇಳಲಿ.

ಈ ಬಾಂಧವ್ಯ ಎಷ್ಟು ಗಟ್ಟಿ ಎಂದು ನಾನು ನೋಡಿದ್ದು 2024ರಲ್ಲಿ. ಜೂನ್ ಕೊನೆಗೇ ಬೆರಿಲ್ ಎಂಬ ಚಂಡಮಾರುತ ನಮ್ಮತ್ತ ಬರುತ್ತಿದೆ ಎಂದು ಗೊತ್ತಾಯಿತು. ಕೆಲವರು ರಾತ್ರಿಯೇ ಟ್ರಿನಿಡಾಡ್ ಕಡೆ ಹೊರಟರು. ಉಳಿದವರು ಹಾಯಿ ಇಳಿಸಿ, ನೆರಳಿನ ಬಟ್ಟೆ ಬಿಚ್ಚಿ, ಎರಡನೇ ಲಂಗರು ಹಾಕಿದೆವು. ತಮ್ಮದು ಮುಗಿದವರು ಒಬ್ಬಂಟಿ ದೋಣಿಯವರ ಹತ್ತಿರ ಹೋದರು. ಎಪ್ಪತ್ತು ದಾಟಿದ ಒಬ್ಬರ ದೊಡ್ಡ ಹಾಯಿಯನ್ನು ನಾಲ್ಕು ಜನ ಸೇರಿ ಮಡಿಸಿ ಒಳಗಿಟ್ಟೆವು. ಜುಲೈ 1ರಂದು ಅದು ಉತ್ತರದ ಕ್ಯಾರಿಯಾಕು ದ್ವೀಪದ ಮೇಲೆ ನಾಲ್ಕನೇ ದರ್ಜೆಯ ಚಂಡಮಾರುತವಾಗಿ ಅಪ್ಪಳಿಸಿತು. ಅಲ್ಲಿ ಹೆಚ್ಚಿನ ಮನೆಗಳ ಸೂರು ಉಳಿಯಲಿಲ್ಲ. ಅಲ್ಲಿಯ ಟಿರೆಲ್ ಬೇ ಕೊಲ್ಲಿಯ ಮ್ಯಾಂಗ್ರೋವ್‌ನಲ್ಲಿ, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಕಾಡಿನಲ್ಲಿ, ಅಡಗಿದ್ದ ದೋಣಿಗಳು ಒಂದರ ಮೇಲೊಂದು ಬಿದ್ದವು. ನಮ್ಮ ಕೊಲ್ಲಿ ಬಚಾವಾಯಿತು. ಮರುದಿನದ ರೇಡಿಯೋದಲ್ಲಿ ಬೇರೆ ಮಾತೇ ಇಲ್ಲ: ಯಾರ ಹತ್ತಿರ ಟಾರ್ಪಾಲಿನ್ ಇದೆ, ಯಾರು ಜನರೇಟರ್ ಕೊಡುತ್ತಾರೆ, ಯಾರ ದೋಣಿ ಹೋಗುತ್ತದೆ. ಸಮುದ್ರ ಇಳಿದ ಕೂಡಲೇ ಹಾಯಿದೋಣಿಗಳು ನೀರು, ಅಕ್ಕಿ, ಮೊಳೆ, ಹಗ್ಗ ತುಂಬಿಕೊಂಡು ಕ್ಯಾರಿಯಾಕುಗೆ ಹೋಗಿಬಂದವು. ನೀರು ತಯಾರಿಸುವ ಯಂತ್ರ ಇದ್ದವರು ಅಲ್ಲೇ ಲಂಗರು ಹಾಕಿ ಜನರಿಗೆ ಕ್ಯಾನ್ ತುಂಬಿಸಿ ಕೊಟ್ಟರು. ಅವರನ್ನು ನೆನೆದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಕಷ್ಟ ಇಲ್ಲವೇ? ಇದೆ. ಒಂಟಿತನ ಅಲ್ಲ, ಅಗಲಿಕೆ. ನವೆಂಬರ್ ಬಂತೆಂದರೆ ದಿನಾ ಎರಡು ಮೂರು ದೋಣಿ ಹೊರಡುತ್ತವೆ. ಕೆಲವರು ಉತ್ತರಕ್ಕೆ, ಕೆಲವರು ಪನಾಮಾ ದಾಟಿ ಪೆಸಿಫಿಕ್‌ಗೆ. ಪೆಸಿಫಿಕ್‌ಗೆ ಹೋದವರು ಬಹುಮಟ್ಟಿಗೆ ಮತ್ತೆ ಸಿಗುವುದಿಲ್ಲ. ನನ್ನ ಕೆನಡಾದ ಗೆಳತಿ ಹೊರಟ ದಿನ ನಾನು ಡೆಕ್ ಮೇಲೆ ನಿಂತು ಅತ್ತಿದ್ದೇನೆ. ಇನ್ನೊಂದು, ಊರು. ಭಾರತಕ್ಕೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಇಲ್ಲಿ ಬೆಳಿಗ್ಗೆ ಎಂಟಾದರೆ ಅಮ್ಮ ಅಲ್ಲಿ ಸಂಜೆ ದೀಪ ಹಚ್ಚುವ ಹೊತ್ತು. ರೇಡಿಯೋ ಮುಗಿದ ಕೂಡಲೇ ಅಮ್ಮನಿಗೆ ವಿಡಿಯೋ ಕಾಲ್. ಆದರೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ತಕ್ಷಣ ಹೊರಡಲು ಆಗುವುದಿಲ್ಲ. ದೋಣಿಯನ್ನು ಎಲ್ಲಿ ಬಿಡುವುದು, ಯಾರಿಗೆ ಒಪ್ಪಿಸುವುದು ಎಂದು ನೋಡಬೇಕು, ಎರಡು ಮೂರು ವಿಮಾನ ಬದಲಿಸಬೇಕು. ಇದನ್ನು ಯೋಚಿಸದೆ ಯಾರೂ ದೋಣಿ ಕೊಳ್ಳಬೇಡಿ. ನಾವೀಗ ಅಪ್ಪ ಅಮ್ಮನ ಬಳಿ ವರ್ಷಕ್ಕೊಮ್ಮೆ ಇರಲೇಬೇಕು ಎಂದು ಆ ಸಮಯ ಮೊದಲೇ ತೆಗೆದಿಟ್ಟು ಉಳಿದದ್ದನ್ನು ಹೊಂದಿಸಿಕೊಳ್ಳುತ್ತೇವೆ.

ನಿಮಗೆ ನಿಜಕ್ಕೂ ಆಸೆ ಇದ್ದರೆ ಒಂದು ವಾರದ ಬಾಡಿಗೆ ದೋಣಿಯಲ್ಲಿ ಸುತ್ತಿ ನಿರ್ಧಾರ ಮಾಡಬೇಡಿ. ಅದರಲ್ಲಿ ಬೀಚ್ ಕಾಣುತ್ತದೆ, ಜನ ಕಾಣುವುದಿಲ್ಲ. ಮೊದಲು ವೀಸಾ ನಿಯಮ ನೋಡಿಕೊಳ್ಳಿ. ಆಮೇಲೆ ಮಳೆಗಾಲದಲ್ಲಿ ಗ್ರೆನೇಡಾದ ಇದೇ ದಕ್ಷಿಣ ತೀರಕ್ಕೆ ಬಂದು ವೋಬರ್ನ್ ಅಥವಾ ಲಾನ್ಸ್ ಓ ಎಪಿನ್ ಕಡೆ ಒಂದು ರೂಮ್ ಹಿಡಿದು ಒಂದು ತಿಂಗಳು ಇರಿ. ಡಿಂಗಿ ಕಟ್ಟುವ ಕಟ್ಟೆಯ ಹತ್ತಿರ ನಿಂತು ಬಂದವರಿಗೆ ಗುಡ್ ಮಾರ್ನಿಂಗ್ ಹೇಳಿ, ದೋಣಿಯಲ್ಲಿ ಏನಾದರೂ ಕೆಲಸಕ್ಕೆ ಕೈ ಬೇಕಾ ಎಂದು ಕೇಳಿ. ತಳದ ಪಾಚಿ ಕೆರೆಯುವುದೋ, ತುಕ್ಕು ಉಜ್ಜುವುದೋ, ಏನಾದರೂ ಇದ್ದೇ ಇರುತ್ತದೆ.