ವಿಂಬಲ್ಡನ್ ಚೀಟಿಗಳು: ಅಭಿಮಾನಿಯ ಊಹೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ?

ಪ್ರಶ್ನೆ: ವಿಂಬಲ್ಡನ್ ಟೆನಿಸ್ ಟೂರ್ನಿ ಆರಂಭವಾಗುವ ಹಿಂದಿನ ದಿನ ನಮ್ಮ ಮನೆಯವರೆಲ್ಲ ಚಾಂಪಿಯನ್ ಆಗುವವರ ಹೆಸರನ್ನು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಯೊಳಗೆ ಹಾಕಿಡುವುದು ರೂಢಿ. ನಾನು ಶ್ರೇಯಾಂಕ ನೋಡಿಯೇ ಬರೆಯುತ್ತೇನೆ. 2025ರಲ್ಲಿ ಎರಡನೇ ಶ್ರೇಯಾಂಕದ ಕೊಕೊ ಗಾಫ್ ಹೆಸರು ಬರೆದಿದ್ದೆ. ಅವರು ಮೊದಲ ಸುತ್ತಿನಲ್ಲೇ ಸೋತರು. ಶ್ರೇಯಾಂಕವನ್ನು ನಂಬುವುದೇ ತಪ್ಪೇ?
– ಓದುಗರು, ಮೈಸೂರು

ಉತ್ತರ: ತಪ್ಪಲ್ಲ, ಆದರೆ ಶ್ರೇಯಾಂಕ ಹೇಳದಿರುವ ಮಾತನ್ನು ನೀವು ಅದರಿಂದ ಹೇಳಿಸುತ್ತಿದ್ದೀರಿ. ಕಳೆದ ಒಂದು ವರ್ಷದಲ್ಲಿ ಎಲ್ಲ ಬಗೆಯ ಅಂಕಣಗಳ ಮೇಲೆ ಗಳಿಸಿದ ಅಂಕಗಳಿಂದ ವಿಶ್ವ ಕ್ರಮಾಂಕ ನಿರ್ಧಾರವಾಗುತ್ತದೆ. ಶ್ರೇಯಾಂಕ ಹುಟ್ಟುವುದು ಆ ಕ್ರಮಾಂಕದಿಂದ. ಪುರುಷರ ಶ್ರೇಯಾಂಕ ನೀಡುವಾಗ ಹುಲ್ಲಿನ ಅಂಕಣದ ಸಾಧನೆಗೆ ಹೆಚ್ಚಿನ ತೂಕ ಕೊಡುವ ಪದ್ಧತಿ 2019ರವರೆಗೆ ವಿಂಬಲ್ಡನ್‌ನಲ್ಲಿತ್ತು. 2021ರಿಂದ ಅದೂ ಇಲ್ಲ. ಗಾಫ್ ಆ ವರ್ಷ ಫ್ರೆಂಚ್ ಓಪನ್ ಗೆದ್ದೇ ಲಂಡನ್ನಿಗೆ ಬಂದಿದ್ದರು, ನಿಜ. ಆದರೆ ಪ್ಯಾರಿಸ್ಸಿನ ಕೆಂಪು ಮಣ್ಣಿನಲ್ಲಿ ಚೆಂಡು ಎತ್ತರಕ್ಕೆ ಪುಟಿದು ಆಟಗಾರ್ತಿಗೆ ಅರೆಗಳಿಗೆ ಸಮಯ ಕೊಡುತ್ತದೆ, ಹುಲ್ಲಿನ ಮೇಲೆ ಅದೇ ಚೆಂಡು ತಗ್ಗಿ ಜಾರಿಕೊಂಡು ಬರುತ್ತದೆ. ಈ ಎರಡು ಟೂರ್ನಿಗಳ ನಡುವೆ ಸಿಗುವುದು ಮೂರೇ ವಾರ.

ಶ್ರೇಯಾಂಕದ ನಿಜವಾದ ಕೆಲಸ ಬಲಿಷ್ಠರು ಆರಂಭದಲ್ಲೇ ಪರಸ್ಪರ ಎದುರಾಗದಂತೆ ನೋಡಿಕೊಳ್ಳುವುದು. ಸಿಂಗಲ್ಸ್ ಕಣದಲ್ಲಿರುವ 128 ಮಂದಿಯಲ್ಲಿ 32 ಮಂದಿಗೆ ಮಾತ್ರ ಶ್ರೇಯಾಂಕವಿರುತ್ತದೆ. ಮೊದಲ ಇಬ್ಬರನ್ನು ಡ್ರಾದ (ಯಾರು ಯಾರ ಎದುರು ಆಡಬೇಕೆಂಬ ಪಟ್ಟಿಯ) ಎರಡು ಅರ್ಧಗಳಲ್ಲಿ ಇರಿಸಿ, ಶ್ರೇಯಾಂಕವಿಲ್ಲದ 96 ಮಂದಿಯ ಜಾಗವನ್ನು ಚೀಟಿ ಎತ್ತಿ ತೀರ್ಮಾನಿಸಲಾಗುತ್ತದೆ. ಆದ್ದರಿಂದ ಡ್ರಾ ಪ್ರಕಟವಾಗುವ ಮುನ್ನ ಬರೆದ ಚೀಟಿ ಅರ್ಧ ಚೀಟಿ ಎಂದೇ ನನ್ನ ಅಭಿಪ್ರಾಯ. ನಿಮ್ಮ ಆಟಗಾರನ ಹಾದಿಯಲ್ಲಿ ಬಿರುಸಿನ ಸರ್ವ್ ಇರುವ, ಹುಲ್ಲಿನ ಮೇಲೆ ಪಳಗಿದ, ಆದರೆ ಶ್ರೇಯಾಂಕವಿಲ್ಲದ ಎದುರಾಳಿ ಎಲ್ಲಿ ಕುಳಿತಿದ್ದಾನೆ ಎಂಬುದನ್ನು ಮೊದಲು ಬೆರಳಿಟ್ಟು ನೋಡಿ.

ಇನ್ನೊಂದು ಲೆಕ್ಕವನ್ನೂ ನೋಡಿ. ಪ್ರಶಸ್ತಿಗೆ ಸತತ ಏಳು ಪಂದ್ಯ ಗೆಲ್ಲಬೇಕು. ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ಶೇ 90ರಷ್ಟಿರುವ ಅಪರೂಪದ ಆಟಗಾರ ಎಂದೇ ಇಟ್ಟುಕೊಳ್ಳೋಣ. ಏಳೂ ಪಂದ್ಯ ಗೆಲ್ಲುವ ಸಾಧ್ಯತೆ ಶೇ 48ಕ್ಕೆ ಇಳಿಯುತ್ತದೆ. ಅದು ಶೇ 85 ಆದರೆ ಉಳಿಯುವುದು ಶೇ 32 ಮಾತ್ರ. ಅಂದರೆ ಎಲ್ಲರೂ ಒಪ್ಪುವ ನೆಚ್ಚಿನ ಆಟಗಾರನ ಹೆಸರು ಬರೆದರೂ ಚೀಟಿ ಸುಳ್ಳಾಗುವ ಸಂಭವವೇ ಹೆಚ್ಚು. 2001ರಲ್ಲಿ 125ನೇ ಕ್ರಮಾಂಕದಲ್ಲಿದ್ದು ವೈಲ್ಡ್‌ಕಾರ್ಡ್ (ಆಯೋಜಕರು ನೀಡುವ ವಿಶೇಷ ಪ್ರವೇಶ) ಪಡೆದು ಬಂದ ಗೊರಾನ್ ಇವಾನಿಸೆವಿಚ್ ಗೆದ್ದದ್ದು ಪವಾಡದಂತೆ ಕಂಡಿತು. ಆದರೆ ಅವರು ಅದಕ್ಕೂ ಮೊದಲು ಅಲ್ಲಿ ಮೂರು ಬಾರಿ ಫೈನಲ್ ಆಡಿದ್ದರು, ಎಡಗೈ ಸರ್ವ್ ಹುಲ್ಲಿನ ಮೇಲೆ ಏನು ಮಾಡಬಲ್ಲದೆಂಬುದು ಎಲ್ಲರಿಗೂ ಗೊತ್ತಿತ್ತು. ಶ್ರೇಯಾಂಕದ ಪಟ್ಟಿಯಲ್ಲಿ ಇಲ್ಲದ ಆ ಮಾಹಿತಿ ಹಳೆಯ ಅಭಿಮಾನಿಗಳ ನೆನಪಿನಲ್ಲಿತ್ತು.

ಪ್ರಶ್ನೆ: ಪುರುಷರ ವಿಭಾಗದಲ್ಲಿ ನನ್ನ ಊಹೆ ಆಗಾಗ ಸರಿಹೋಗುತ್ತದೆ, ಮಹಿಳೆಯರ ವಿಭಾಗದಲ್ಲಿ ಒಮ್ಮೆಯೂ ಇಲ್ಲ. ಏಕೆ?
– ಓದುಗರು, ಧಾರವಾಡ

ಉತ್ತರ: ನಿಮ್ಮ ಅನುಭವಕ್ಕೆ ದಾಖಲೆಯ ಬೆಂಬಲವಿದೆ. 2003ರಿಂದ 2022ರವರೆಗೆ ವಿಂಬಲ್ಡನ್ ಪುರುಷರ ಪ್ರಶಸ್ತಿ ಫೆಡರರ್, ನಡಾಲ್, ಜೊಕೊವಿಚ್ ಮತ್ತು ಮರ್‍ರೆ ಎಂಬ ನಾಲ್ವರನ್ನು ಬಿಟ್ಟು ಹೊರಗೆ ಹೋಗಲೇ ಇಲ್ಲ. ಮಹಿಳೆಯರಲ್ಲಿ 2017ರಿಂದ 2025ರವರೆಗೆ ನಡೆದ ಎಂಟು ಟೂರ್ನಿಗಳಿಗೆ ಎಂಟು ಬೇರೆ ಬೇರೆ ಚಾಂಪಿಯನ್ನರು. 2023ರ ಮಾರ್ಕೆಟಾ ವೊಂಡ್ರುಸೋವಾ ಅವರಿಗಂತೂ ಶ್ರೇಯಾಂಕವೇ ಇರಲಿಲ್ಲ, ಮರುವರ್ಷದ ಬಾರ್ಬೊರಾ ಕ್ರೆಜಿಕೋವಾ ಅವರದು 31ನೇ ಶ್ರೇಯಾಂಕ.

ಇದನ್ನು ನೋಡಿ ಮಹಿಳೆಯರ ಆಟದಲ್ಲಿ ಸ್ಥಿರತೆಯಿಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಅವರು ಮೂರು ಸೆಟ್‌ಗಳ ಪಂದ್ಯ ಆಡುತ್ತಾರೆ, ಪುರುಷರು ಐದು ಸೆಟ್‌ಗಳದ್ದು. ಒಂದು ಸೆಟ್ ಗೆಲ್ಲುವ ಸಾಧ್ಯತೆ ಶೇ 70 ಇರುವವರು ಮೂರು ಸೆಟ್‌ಗಳ ಪಂದ್ಯವನ್ನು ಶೇ 78ರಷ್ಟು, ಐದು ಸೆಟ್‌ಗಳ ಪಂದ್ಯವನ್ನು ಶೇ 84ರಷ್ಟು ಬಾರಿ ಗೆಲ್ಲುತ್ತಾರೆ. ಈ ಸಣ್ಣ ಅಂತರ ಏಳು ಸುತ್ತುಗಳಲ್ಲಿ ಗುಣಿಸಿಕೊಂಡು ದೊಡ್ಡದಾಗುತ್ತದೆ. ಜೊತೆಗೆ, ಏಳು ಬಾರಿ ಗೆದ್ದ ಸೆರೆನಾ ವಿಲಿಯಮ್ಸ್ ಇದ್ದ ಕಾಲದಲ್ಲಿ ಮಹಿಳಾ ವಿಭಾಗದ ಚೀಟಿ ಬರೆಯುವುದೂ ಇಷ್ಟು ಕಷ್ಟವಾಗಿರಲಿಲ್ಲ.

ಕೊನೆಯ ವಾರದ ಫಲಿತಾಂಶವನ್ನೇ ನಂಬುವವರಿಗೆ 2025ರ ಒಂದು ಸಂಗತಿ ಹೇಳಬೇಕು. ವಿಂಬಲ್ಡನ್‌ಗೆ ಎರಡು ದಿನ ಮೊದಲು ಜರ್ಮನಿಯ ಬಾಡ್ ಹೊಂಬುರ್ಗ್‌ನ ಹುಲ್ಲಿನ ಅಂಕಣದಲ್ಲಿ ಜೆಸಿಕಾ ಪೆಗುಲಾ ಫೈನಲ್‌ನಲ್ಲಿ ಇಗಾ ಶ್ವಿಯಾಂಟೆಕ್ ಅವರನ್ನು ಸೋಲಿಸಿದರು. ಗೆದ್ದ ಪೆಗುಲಾ ವಿಂಬಲ್ಡನ್‌ನ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಸೋತ ಶ್ವಿಯಾಂಟೆಕ್ ಫೈನಲ್ ಪಂದ್ಯವನ್ನು 6–0, 6–0ರಿಂದ ಗೆದ್ದು ಚಾಂಪಿಯನ್ ಆದರು. ಹುಲ್ಲು ಅವರಿಗೆ ಒಗ್ಗುವುದಿಲ್ಲ ಎಂದು ಅದುವರೆಗೆ ಬಹುತೇಕ ಎಲ್ಲರೂ ಹೇಳುತ್ತಿದ್ದರು. ಆದರೆ ಬಾಡ್ ಹೊಂಬುರ್ಗ್‌ನಲ್ಲಿ ಅವರು ಫೈನಲ್‌ವರೆಗೆ ಬಂದದ್ದೇ ಗಮನಿಸಬೇಕಾದ ಸೂಚನೆಯಾಗಿತ್ತು. ನಾವು ನೋಡಿದ್ದು ಕೊನೆಯ ಸ್ಕೋರನ್ನು ಮಾತ್ರ.

ಪ್ರಶ್ನೆ: ವಿದೇಶಿ ಬೆಟ್ಟಿಂಗ್ ಕಂಪನಿಗಳ ದರಗಳನ್ನು ನೋಡಿ ಊಹಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮಾಹಿತಿಯಾಗಿ ಓದಬಹುದು. ಆ ದರಗಳನ್ನು ಶೇಕಡಾವಾರಿಗೆ ಇಳಿಸಿ ಕೂಡಿದರೆ ಮೊತ್ತ ನೂರನ್ನು ಮೀರುತ್ತದೆ. ಮೀರಿದ ಭಾಗವೇ ಕಂಪನಿಯ ಲಾಭ. ಹಣ ಕಟ್ಟುವ ಮಾತು ಬೇಡವೇ ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ, ಅದಕ್ಕಿಂತ ಮುಖ್ಯವಾಗಿ ಮನೆಮಂದಿಯ ನೆಮ್ಮದಿಯನ್ನು ಪಣಕ್ಕಿಡುವಂಥ ಆಟ ಅದಲ್ಲ.

ಪ್ರಶ್ನೆ: ಡಬಲ್ಸ್ ಚಾಂಪಿಯನ್ನರನ್ನು ಯಾರೂ ಏಕೆ ಊಹಿಸುವುದಿಲ್ಲ?
– ಓದುಗರು, ಮಡಿಕೇರಿ

ಉತ್ತರ: ನಿಮ್ಮ ಊರಿನವರು ಈ ಪ್ರಶ್ನೆ ಕೇಳುವುದು ನ್ಯಾಯವೇ ಆಗಿದೆ. ಕೊಡಗಿನ ರೋಹನ್ ಬೋಪಣ್ಣ 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಆ ಜೋಡಿಗೆ ಎರಡನೇ ಶ್ರೇಯಾಂಕವಿತ್ತು, ಹಿಂದಿನ ವರ್ಷ ವಿಂಬಲ್ಡನ್‌ನ ಸೆಮಿಫೈನಲ್ ತಲುಪಿತ್ತು. ಅಂದರೆ ಊಹಿಸಲು ಬೇಕಾದ ಆಧಾರಗಳೆಲ್ಲ ಕಣ್ಣೆದುರೇ ಇದ್ದವು. ಟಿ.ವಿ.ಯಲ್ಲಿ ಡಬಲ್ಸ್ ಅಷ್ಟಾಗಿ ಕಾಣಿಸದ ಕಾರಣ ನಮ್ಮ ಗಮನ ಅತ್ತ ಹೋಗುವುದಿಲ್ಲ. ನಿಮ್ಮ ಮನೆಯ ಚೀಟಿಯಲ್ಲಿ ಡಬಲ್ಸ್‌ಗೂ ಒಂದು ಸಾಲು ಇರಲಿ.

ಪ್ರಶ್ನೆ: 2019ರಲ್ಲಿ ನಮ್ಮ ತಂದೆಯವರು ಫೆಡರರ್ ಹೆಸರು ಬರೆದಿದ್ದರು. ಅವರ ಊಹೆ ತಪ್ಪಿತೆಂದು ಮನೆಯಲ್ಲಿ ಈಗಲೂ ಹೇಳುತ್ತೇವೆ. ಅದು ನಿಜಕ್ಕೂ ತಪ್ಪೇ?
– ಓದುಗರು, ಶಿವಮೊಗ್ಗ

ಉತ್ತರ: ಫಲಿತಾಂಶ ಅವರ ಪರವಾಗಿ ಬರಲಿಲ್ಲ, ಅಷ್ಟೇ. ಆ ಫೈನಲ್‌ನ ಐದನೇ ಸೆಟ್‌ನಲ್ಲಿ ಫೆಡರರ್ 8–7ರಿಂದ ಮುಂದಿದ್ದು, ತಮ್ಮದೇ ಸರ್ವ್‌ನಲ್ಲಿ 40–15ರ ಮುನ್ನಡೆ ಪಡೆದಿದ್ದರು. ಎರಡು ಮ್ಯಾಚ್ ಪಾಯಿಂಟ್‌ಗಳು. ಮೊದಲನೆಯದರಲ್ಲಿ ಅವರ ಫೋರ್‌ಹ್ಯಾಂಡ್ ಹೊರಗೆ ಬಿತ್ತು. ಎರಡನೆಯದರಲ್ಲಿ ಅವರು ನೆಟ್ ಕಡೆಗೆ ನುಗ್ಗಿದಾಗ ಜೊಕೊವಿಚ್ ಹೊಡೆದ ಫೋರ್‌ಹ್ಯಾಂಡ್ ಅಡ್ಡಲಾಗಿ ಅವರನ್ನು ದಾಟಿ ಹೋಯಿತು. ಆ ಗಳಿಗೆಯಲ್ಲಿ ನಾನು ಡ್ರಾ ಹಾಳೆಯ ಕೊನೆಯ ಗೆರೆಯ ಮೇಲೆ ಫೆಡರರ್ ಹೆಸರಿನ ಮೊದಲಕ್ಷರ ಬರೆದು ಪೆನ್ನು ಹಿಡಿದೇ ಕುಳಿತಿದ್ದೆ; ಆ ಒಂಟಿ ಅಕ್ಷರ ಇಂದಿಗೂ ಆ ಹಾಳೆಯಲ್ಲಿದೆ. ಪಂದ್ಯ 4 ಗಂಟೆ 57 ನಿಮಿಷ ನಡೆದು 13–12ಕ್ಕೆ ಮುಗಿದಾಗ ಫೆಡರರ್ ಗೆದ್ದ ಪಾಯಿಂಟ್‌ಗಳು 218, ಜೊಕೊವಿಚ್ ಗೆದ್ದವು 204. ಆದರೆ ಸೆಟ್ ಸಮವಾದಾಗ ಆಡುವ ನಿರ್ಣಾಯಕ ಗೇಮ್‌ಗಳಾದ ಮೂರೂ ಟೈಬ್ರೇಕ್‌ಗಳು ಜೊಕೊವಿಚ್ ಪಾಲಾಗಿದ್ದವು.

ಇದಕ್ಕೆ ಎದುರಾಗಿ 2025ರಲ್ಲಿ ಯಾನಿಕ್ ಸಿನ್ನರ್ ಹೆಸರು ಬರೆದವರ ಚೀಟಿ ನಿಜವಾಯಿತು. ನಾಲ್ಕನೇ ಸುತ್ತಿನಲ್ಲಿ ಗ್ರಿಗೋರ್ ದಿಮಿತ್ರೊವ್ ಎದುರು ಅವರು ಮೊದಲ ಎರಡು ಸೆಟ್ ಸೋತಿದ್ದರು. ಮೂರನೆಯದು 2–2ರಲ್ಲಿದ್ದಾಗ ದಿಮಿತ್ರೊವ್ ಎದೆಯ ಸ್ನಾಯುವಿನ ನೋವಿನಿಂದ ಪಂದ್ಯ ಬಿಟ್ಟುಕೊಡಬೇಕಾಯಿತು. ಆ ಚೀಟಿ ಸರಿ, ನಿಮ್ಮ ತಂದೆಯವರದು ತಪ್ಪು ಎಂದು ಬರೆದಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಅವರ ಚೀಟಿ ಇನ್ನೂ ಇದ್ದರೆ ಅದರ ಹಿಂಬದಿಯಲ್ಲಿ 218–204 ಎಂದು ಬರೆದು ಜೋಪಾನವಾಗಿ ತೆಗೆದಿಡಿ.